ಆರ್ಥರ್ ಎಡಿಂಗ್ಟನ್

ಬೆಳೆಯುವ ಪ್ರತಿಯೊಂದು ವಸ್ತುವಿಗೂ ಒಂದು ಎಲ್ಲೆಯುಂಟೆಂಬುದು ನಮ್ಮ ದಿನನಿತ್ಯದ ಅನುಭವ. ಆಲದ ಮರ ಎಷ್ಟೇ ವಿಶಾಲವಾಗಿ ಹರಡಿದರೂ ಮುಗಿಲನ್ನು ಮುಟ್ಟುವುದಿಲ್ಲ. ಆನೆಯ ಮರಿ ಬೆಟ್ಟದಷ್ಟು ಬೆಳೆಯುವುದಿಲ್ಲ. ಆದರೆ ತನ್ನ ಬಳಿ ಸುಳಿದುದನ್ನೆಲ್ಲ ನುಂಗುತ್ತ, ನುಂಗಿದಷ್ಟೂ ಹೆಚ್ಚು ಸೆಳೆತವನ್ನು ಪಡೆಯುವ ವಸ್ತುವೊಂದಿದ್ದರೆ ಅದರ ಬೆಳವಣಿಗೆಗೆ ಮಿತಿ ಎಲ್ಲಿಯದು? ಅಂತಹ ವಸ್ತುಗಳು ವಿಶ್ವದಲ್ಲಿ ನಿಜವಾಗಿಯೂ ಇವೆ. ಬೆಳಕು ಸಹ ತಪ್ಪಿಸಿಕೊಂಡು ಹೊರಬರಲಾರದಷ್ಟು ಪ್ರಬಲವಾದ ಗುರುತ್ವವುಳ್ಳ ಅವುಗಳಿಗೆ ಕೃಷ್ಣವಿವರಗಳೆಂದು ಹೆಸರು. ಕಪ್ಪುಕುಳಿ, ಕಪ್ಪು ರಂಧ್ರ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಅವುಗಳ ಬೆಳವಣಿಗೆಯ ವೇಗವನ್ನು ಅಳೆಯಲು ಖಗೋಳ ವಿಜ್ಞಾನಿಗಳು ಬಳಸುವ ಅಳತೆಗೋಲಿಗೆ ಎಡಿಂಗ್ಟನ್ ಮಿತಿ ಎಂದು ಹೆಸರು. ವಿಚಿತ್ರವೆಂದರೆ, ಆ ಅಳತೆಗೋಲನ್ನು ಕೊಟ್ಟ ಮಹನೀಯರು ಒಂದು ನಕ್ಷತ್ರ ಇಂತಹ ವಸ್ತುವಾಗಿ ಮಾರ್ಪಡಬಹುದೆಂಬುದನ್ನೇ ಒಪ್ಪಿರಲಿಲ್ಲ. ಅವರೇ ಇಂಗ್ಲೆಂಡಿನ ಸುಪ್ರಸಿದ್ಧ ವಿಜ್ಞಾನಿ ಸರ್ ಆರ್ಥರ್ ಸ್ಟ್ಯಾನ್ಲಿ ಎಡಿಂಗ್ಟನ್.

ಎಡಿಂಗ್ಟನ್ನರು 1882ರ ಡಿಸೆಂಬರ್ 28ರಂದು ಇಂಗ್ಲೆಂಡಿನ ಉತ್ತರ ಭಾಗದ ಕೆಂಡಾಲ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಆ ಊರಿನ ಶಾಲೆಯೊಂದರ ಮುಖ್ಯೋಪಾಧ್ಯಾಯರು. ಮನೆಯವರು ಕ್ವೇಕರ್ ಪಂಥಕ್ಕೆ ಸೇರಿದವರು. ಸರಳ ಜೀವನ, ಮೌನ ಪ್ರಾರ್ಥನೆ, ಯುದ್ಧವಿರೋಧ, ಇವು ಆ ಪಂಥದ ಮುಖ್ಯ ಲಕ್ಷಣಗಳು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ, 1884ರಲ್ಲಿ, ವಿಷಮಶೀತಜ್ವರಕ್ಕೆ ತುತ್ತಾಗಿ ತಂದೆ ತೀರಿಕೊಂಡರು. ತಾಯಿ ಸಾರಾ ಆ್ಯನ್ ಮಗಳು ವಿನಿಫ್ರೆಡ್‌ಳನ್ನೂ ಪುಟ್ಟ ಮಗನನ್ನೂ ಕರೆದುಕೊಂಡು ವೆಸ್ಟನ್-ಸೂಪರ್-ಮೇರ್ ಎಂಬ ಕಡಲತೀರದ ಊರಿಗೆ ಬಂದು ನೆಲಸಿದರು. ಕೈಯಲ್ಲಿ ಹಣವಿರಲಿಲ್ಲ, ಆದರೂ ಮಕ್ಕಳ ವಿದ್ಯಾಭ್ಯಾಸಕ್ಕೆ ಅವರು ಕೊರತೆ ಮಾಡಲಿಲ್ಲ.

ಬಾಲಕನಿಗೆ ದೊಡ್ಡ ಸಂಖ್ಯೆಗಳೆಂದರೆ ಬಹಳ ಪ್ರೀತಿ. ಓದಲು ಕಲಿಯುವ ಮುನ್ನವೇ ಇಪ್ಪತ್ತನಾಲ್ಕರವರೆಗಿನ ಮಗ್ಗಿಯನ್ನು ಕಂಠಪಾಠ ಮಾಡಿದ್ದನೆಂದೂ ರಾತ್ರಿಯ ಆಕಾಶದ ನಕ್ಷತ್ರಗಳನ್ನು ಎಣಿಸಲು ಹೊರಟಿದ್ದನೆಂದೂ ಹೇಳುತ್ತಾರೆ. ಹದಿನಾರು ತುಂಬುವುದರೊಳಗೆ ವಿದ್ಯಾರ್ಥಿವೇತನವನ್ನು ಗಳಿಸಿ ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜನ್ನು ಸೇರಿದರು. 1902ರಲ್ಲಿ ಭೌತವಿಜ್ಞಾನದಲ್ಲಿ ಪ್ರಥಮ ದರ್ಜೆಯ ಪದವಿ ಪಡೆದು ಕೇಂಬ್ರಿಜಿನ ಟ್ರಿನಿಟಿ ಕಾಲೇಜಿಗೆ ಹೋದರು. ಅಲ್ಲಿಯ ಗಣಿತ ಪರೀಕ್ಷೆಯಲ್ಲಿ ಮೊದಲಿಗರಾದವರಿಗೆ ಸೀನಿಯರ್ ರ್‍ಯಾಂಗ್ಲರ್ ಎಂಬ ಗೌರವ ಸಲ್ಲುತ್ತಿತ್ತು. 1904ರಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿಯಾಗಿದ್ದಾಗಲೇ ಎಡಿಂಗ್ಟನ್ನರು ಆ ಗೌರವಕ್ಕೆ ಪಾತ್ರರಾದರು. ಅವರಿಗಿಂತ ಮುಂಚೆ ಎರಡನೆಯ ವರ್ಷದ ಯಾವ ವಿದ್ಯಾರ್ಥಿಗೂ ಅದು ಲಭಿಸಿರಲಿಲ್ಲ.

1906ರಲ್ಲಿ ಗ್ರೀನಿಚ್ ವೀಕ್ಷಣಾಲಯದಲ್ಲಿ ಅವರಿಗೆ ಮುಖ್ಯ ಸಹಾಯಕರ ಹುದ್ದೆ ದೊರೆಯಿತು. 1913ರಲ್ಲಿ ಕೇಂಬ್ರಿಜಿನಲ್ಲಿ ಖಗೋಳ ವಿಜ್ಞಾನದ ಪ್ರಾಧ್ಯಾಪಕರಾದರು. ಮರುವರ್ಷ ಅಲ್ಲಿಯ ವೀಕ್ಷಣಾಲಯದ ನಿರ್ದೇಶಕರೂ ಆದರು. ತಾಯಿಯೊಡನೆಯೂ ಅಕ್ಕನೊಡನೆಯೂ ಆ ವೀಕ್ಷಣಾಲಯದ ಮನೆಯಲ್ಲಿಯೇ ವಾಸಿಸತೊಡಗಿದರು. ಅವರು ವಿವಾಹವಾಗಲಿಲ್ಲ. ಮಾತು ಕಡಿಮೆ, ಸಂಕೋಚದ ಸ್ವಭಾವ. ಸೈಕಲ್ ಏರಿ ಹಳ್ಳಿಗಾಡಿನ ದಾರಿಗಳಲ್ಲಿ ಬಹುದೂರ ಸಂಚರಿಸುವುದೇ ಅವರ ದೊಡ್ಡ ವಿನೋದ.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಬ್ರಿಟನ್ನಿನವರಿಗೂ ಜರ್ಮನರಿಗೂ ಬದ್ಧದ್ವೇಷ ಬೆಳೆಯಿತು. ಪರಸ್ಪರ ಪತ್ರವ್ಯವಹಾರವೂ ನಿಂತುಹೋಯಿತು. ಇಂತಹ ಸಮಯದಲ್ಲಿ ಬರ್ಲಿನ್ನಿನಲ್ಲಿದ್ದ ಐನ್‌ಸ್ಟೈನರು 1915ರಲ್ಲಿ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತವನ್ನು ಮಂಡಿಸಿದರು. ಯುದ್ಧದಲ್ಲಿ ತಟಸ್ಥವಾಗಿದ್ದ ಹಾಲೆಂಡಿನ ಡಿ ಸಿಟ್ಟರ್ ಎಂಬ ವಿಜ್ಞಾನಿಯ ಮೂಲಕ ಆ ಸುದ್ದಿ ಎಡಿಂಗ್ಟನ್ನರಿಗೆ ತಲುಪಿತು. ವೈರಿದೇಶದಿಂದ ಬಂದ ವಿಚಾರವೆಂದು ಅವರು ಅದನ್ನು ಬದಿಗಿಡಲಿಲ್ಲ. ಅದರ ಕ್ಲಿಷ್ಟವಾದ ಗಣಿತವನ್ನು ಕರಗತ ಮಾಡಿಕೊಂಡು ಬ್ರಿಟನ್ನಿನ ವಿದ್ವಾಂಸರಿಗೆ ಅದನ್ನು ಪರಿಚಯ ಮಾಡಿಸಿದರು.

1918ರಲ್ಲಿ ಅವರಿಗೂ ಸೈನ್ಯದ ಕರೆ ಬಂದಿತು. ಧರ್ಮಬುದ್ಧಿಗೆ ವಿರೋಧವಾದುದರಿಂದ ತಾನು ಯುದ್ಧದಲ್ಲಿ ಭಾಗವಹಿಸಲಾರೆನೆಂದು ಅವರು ನ್ಯಾಯಮಂಡಲಿಯ ಮುಂದೆ ದೃಢವಾಗಿ ತಿಳಿಸಿದರು. ಆ ದಿನಗಳಲ್ಲಿ ಹಾಗೆ ಹೇಳಿದವರು ಸೆರೆಮನೆಯನ್ನು ಕಾಣುತ್ತಿದ್ದುದೂ ಉಂಟು. ರಾಜ ಖಗೋಳಜ್ಞರಾಗಿದ್ದ ಫ್ರಾಂಕ್ ಡೈಸನ್ ಮಧ್ಯೆ ಪ್ರವೇಶಿಸಿ, 1919ರಲ್ಲಿ ಬರಲಿರುವ ಸೂರ್ಯಗ್ರಹಣದ ವೀಕ್ಷಣೆಗೆ ಎಡಿಂಗ್ಟನ್ನರ ಸೇವೆ ಅವಶ್ಯಕವೆಂದು ವಿವರಿಸಿದರು. ಖಗೋಳ ಸಂಶೋಧನೆಯನ್ನು ಮುಂದುವರಿಸಬೇಕೆಂಬ ನಿಬಂಧನೆಯೊಡನೆ ಅವರಿಗೆ ವಿನಾಯಿತಿ ದೊರೆಯಿತು.

ಸೂರ್ಯನ ಸಮೀಪದಲ್ಲಿ ಹಾದುಬರುವ ನಕ್ಷತ್ರದ ಬೆಳಕು ಸೂರ್ಯನ ಗುರುತ್ವದಿಂದ 1.75 ವಿಕಲೆಯಷ್ಟು ಬಾಗಬೇಕೆಂಬುದು ಐನ್‌ಸ್ಟೈನರ ಲೆಕ್ಕಾಚಾರ. ವಿಕಲೆಯೆಂದರೆ ಒಂದು ಡಿಗ್ರಿಯ 3,600ನೆಯ ಒಂದು ಭಾಗ. ಹಗಲಿನಲ್ಲಿ ನಕ್ಷತ್ರಗಳು ಕಾಣದಿರುವುದರಿಂದ ಖಗ್ರಾಸ ಗ್ರಹಣದ ಕೆಲವೇ ನಿಮಿಷಗಳಲ್ಲಿ ಇದನ್ನು ಪರೀಕ್ಷಿಸಬೇಕಾಗಿತ್ತು. ಎಡಿಂಗ್ಟನ್ನರು ಒಬ್ಬ ಸಹಾಯಕನೊಡನೆ ಆಫ್ರಿಕದ ಪಶ್ಚಿಮ ತೀರದಾಚೆಯ ಪ್ರಿನ್ಸಿಪೆ ದ್ವೀಪಕ್ಕೆ ಹೋದರು. ಇನ್ನೊಂದು ತಂಡ ಬ್ರೆಜಿಲ್ ದೇಶದ ಸೊಬ್ರಾಲಿಗೆ ಹೋಯಿತು. 1919ರ ಮೇ 29ರ ಬೆಳಗ್ಗೆ ದ್ವೀಪದಲ್ಲಿ ಜೋರಾಗಿ ಮಳೆ ಸುರಿಯಿತು. ಗ್ರಹಣ ಹಿಡಿದಾಗಲೂ ಮೋಡಗಳು ಪೂರ್ತಿ ಸರಿದಿರಲಿಲ್ಲ. ಸುಮಾರು ಐದು ನಿಮಿಷಗಳ ಆ ಕತ್ತಲೆಯಲ್ಲಿ ತೆಗೆದ 16 ಚಿತ್ರಗಳಲ್ಲಿ ಎರಡು ಮಾತ್ರ ಉಪಯೋಗಕ್ಕೆ ಬಂದವು. ಎರಡು ತಂಡಗಳ ಅಳತೆಗಳನ್ನೂ ಪರಿಶೀಲಿಸಿದ ಮೇಲೆ, ನವೆಂಬರ್ 6ರಂದು ಲಂಡನ್ನಿನಲ್ಲಿ ಫಲಿತಾಂಶ ಪ್ರಕಟವಾಯಿತು: ಬೆಳಕು ಐನ್‌ಸ್ಟೈನರ ಸಿದ್ಧಾಂತಕ್ಕೆ ಅನುಗುಣವಾಗಿಯೇ ಬಾಗಿತ್ತು. ಯುದ್ಧ ಮುಗಿದು ಒಂದು ವರ್ಷವೂ ಕಳೆದಿರಲಿಲ್ಲ. ಜರ್ಮನ್ ವಿಜ್ಞಾನಿಯ ಸಿದ್ಧಾಂತವನ್ನು ಆಂಗ್ಲ ವಿಜ್ಞಾನಿಗಳು ಸಮರ್ಥಿಸಿದ ಈ ಸಂಗತಿ ಜಗತ್ತನ್ನೇ ಬೆರಗುಗೊಳಿಸಿತು.

ಈ ಪ್ರಸಿದ್ಧಿಯ ನಡುವೆಯೂ ಎಡಿಂಗ್ಟನ್ನರ ಮನಸ್ಸನ್ನು ಬೇರೊಂದು ಪ್ರಶ್ನೆ ಆವರಿಸಿಕೊಂಡಿತ್ತು. ಸೂರ್ಯನೂ ಇತರ ನಕ್ಷತ್ರಗಳೂ ಅನಿಲದ ಬೃಹತ್ ಗೋಳಗಳು. ತಮ್ಮ ಗುರುತ್ವದಿಂದಲೇ ಅವು ಒಳಕ್ಕೆ ಕುಸಿಯಬೇಕು. ಕುಸಿಯದಂತೆ ಅವನ್ನು ಎತ್ತಿಹಿಡಿದಿರುವುದು ಯಾವುದು? ಒಳಗಿನ ಬಿಸಿ ಅನಿಲದ ಒತ್ತಡದೊಡನೆ ಬೆಳಕಿನ ಒತ್ತಡವೂ ಸೇರಿ ಈ ಕಾರ್ಯವನ್ನು ನಿರ್ವಹಿಸುತ್ತದೆಂದು ಅವರು ತೋರಿಸಿಕೊಟ್ಟರು. ಬೆಳಕಿಗೆ ಒತ್ತಡವೆ ಎಂದು ನೀವು ಆಶ್ಚರ್ಯಪಡಬಹುದು. ಬೆಳಕು ಯಾವ ವಸ್ತುವಿನ ಮೇಲೆ ಬಿದ್ದರೂ ಅದನ್ನು ಸ್ವಲ್ಪಮಟ್ಟಿಗೆ ತಳ್ಳುತ್ತದೆ. ಅಂಗಳದ ಬಿಸಿಲು ನಮ್ಮನ್ನು ತಳ್ಳುವುದು ನಮಗೆ ಅರಿವಾಗುವುದಿಲ್ಲ. ನಕ್ಷತ್ರದ ಗರ್ಭದಲ್ಲಿ ಆ ತಳ್ಳುವಿಕೆ ಉಪೇಕ್ಷಿಸುವಂತಹುದಲ್ಲ.

ಇದರಿಂದ ಒಂದು ಮಹತ್ತ್ವದ ತೀರ್ಮಾನ ಹೊರಟಿತು. ಕಣದಲ್ಲಿ ರಾಶಿ ತೂರುವುದನ್ನು ನೀವು ಕಂಡಿರಬಹುದು. ಭೂಮಿ ಕಾಳನ್ನು ಕೆಳಕ್ಕೆ ಸೆಳೆಯುತ್ತದೆ. ಗಾಳಿ ಹೊಟ್ಟನ್ನು ದೂರಕ್ಕೆ ಒಯ್ಯುತ್ತದೆ. ಗಾಳಿ ಮಿತಿಮೀರಿ ಬೀಸಿದರೆ ಕಾಳೂ ಹಾರಿಹೋಗುತ್ತದೆ. ನಕ್ಷತ್ರದಲ್ಲಿಯೂ ಹೀಗೆಯೇ. ಗುರುತ್ವ ಅನಿಲವನ್ನು ಒಳಕ್ಕೆ ಎಳೆಯುತ್ತದೆ. ಬೆಳಕು ಹೊರಕ್ಕೆ ತಳ್ಳುತ್ತದೆ. ನಕ್ಷತ್ರದ ಪ್ರಕಾಶ ಒಂದು ಮಟ್ಟವನ್ನು ದಾಟಿದರೆ ತಳ್ಳುವಿಕೆಯೇ ಗೆದ್ದು ಹೊರಗಿನ ಅನಿಲ ಚದರಿಹೋಗುತ್ತದೆ. ದೂರ ಹೆಚ್ಚಿದಂತೆ ಸೆಳೆತವೂ ತಳ್ಳುವಿಕೆಯೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗುವುದರಿಂದ ಈ ಮಟ್ಟ ದೂರವನ್ನು ಅವಲಂಬಿಸುವುದಿಲ್ಲ. ವಸ್ತುವಿನ ದ್ರವ್ಯರಾಶಿಯನ್ನು ಮಾತ್ರ ಅವಲಂಬಿಸುತ್ತದೆ. ಸೂರ್ಯನಷ್ಟು ದ್ರವ್ಯರಾಶಿಯುಳ್ಳ ವಸ್ತುವಿಗೆ ಇದು ಸೂರ್ಯನ ಇಂದಿನ ಪ್ರಕಾಶದ 30 ಸಾವಿರ ಪಟ್ಟಿಗಿಂತ ಸ್ವಲ್ಪ ಹೆಚ್ಚು. ದ್ರವ್ಯರಾಶಿ ಇಮ್ಮಡಿಯಾದರೆ ಮಿತಿಯೂ ಇಮ್ಮಡಿಯಾಗುತ್ತದೆ. ಎಡಿಂಗ್ಟನ್ ಮಿತಿ ಎಂದರೆ ಇದೇ. ನಕ್ಷತ್ರಗಳು ಮನಬಂದಷ್ಟು ದೊಡ್ಡವಾಗಿ ಬೆಳೆಯದಿರಲು ಬೆಳಕಿನ ಒತ್ತಡವೂ ಒಂದು ಕಾರಣವೆಂದು ಅವರು ವಿವರಿಸಿದರು. ಜಲಜನಕದ ಪರಮಾಣುಗಳು ಸೇರಿ ಹೀಲಿಯಮ್ ಆಗುವುದರಿಂದ ನಕ್ಷತ್ರಗಳಿಗೆ ಶಕ್ತಿ ದೊರೆಯುತ್ತಿರಬಹುದೆಂದು 1920ರಲ್ಲಿಯೇ ಸೂಚಿಸಿದವರೂ ಅವರೇ. ಈ ಸಂಶೋಧನೆಗಳೆಲ್ಲವನ್ನೂ ಒಳಗೊಂಡ ಅವರ ಮಹಾಗ್ರಂಥ 1926ರಲ್ಲಿ ಪ್ರಕಟವಾಯಿತು. 1930ರಲ್ಲಿ ಅವರಿಗೆ ಸರ್ ಪದವಿ ಸಂದಿತು. ನಕ್ಷತ್ರಗಳ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತೆಂಬ ಭಾವನೆ ವಿದ್ವತ್ಪ್ರಪಂಚದಲ್ಲಿ ಬೇರೂರಿತು.

ಅದೇ 1930ರಲ್ಲಿ ಹತ್ತೊಂಬತ್ತು ವರ್ಷದ ಭಾರತೀಯ ತರುಣನೊಬ್ಬ ಉನ್ನತ ವ್ಯಾಸಂಗಕ್ಕಾಗಿ ಮುಂಬಯಿಯಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟಿದ್ದ. ಆತನೇ ಸರ್ ಸಿ. ವಿ. ರಾಮನ್ನರ ಅಣ್ಣನ ಮಗ ಸುಬ್ರಹ್ಮಣ್ಯನ್ ಚಂದ್ರಶೇಖರ್. ಇಂಧನ ತೀರಿದ ನಕ್ಷತ್ರಗಳು ಕುಗ್ಗಿ ಭೂಮಿಯ ಗಾತ್ರದ ಶ್ವೇತಕುಬ್ಜಗಳಾಗುತ್ತವೆಂದು ಆಗ ತಿಳಿದಿತ್ತು. ಎಲ್ಲ ನಕ್ಷತ್ರಗಳ ಕೊನೆಯೂ ಇದೇ ಎಂದು ವಿದ್ವಾಂಸರು ಭಾವಿಸಿದ್ದರು. ಶ್ವೇತಕುಬ್ಜದ ದ್ರವ್ಯರಾಶಿಗೆ ಒಂದು ಮಿತಿಯುಂಟೆಂದು ಚಂದ್ರಶೇಖರರು ಹಡಗಿನ ಪ್ರಯಾಣದಲ್ಲಿಯೇ ಲೆಕ್ಕಹಾಕಿದರು. ಇಂದಿನ ಲೆಕ್ಕದಂತೆ ಆ ಮಿತಿ ಸೂರ್ಯನ ಸುಮಾರು 1.4ರಷ್ಟು. ಉಳಿದ ದ್ರವ್ಯ ಅದಕ್ಕಿಂತ ಹೆಚ್ಚಾಗಿದ್ದರೆ ನಕ್ಷತ್ರ ಶ್ವೇತಕುಬ್ಜವಾಗಿ ನಿಲ್ಲಲಾರದು, ಇನ್ನೂ ಕುಸಿಯಲೇಬೇಕು. ಆ ಕುಸಿತದ ಕೊನೆ ಎಲ್ಲಿ?

ಕೇಂಬ್ರಿಜಿನಲ್ಲಿ ಎಡಿಂಗ್ಟನ್ನರು ಈ ತರುಣನನ್ನು ಆದರದಿಂದ ಕಂಡರು. ಆಗಾಗ ಆತನ ಕೊಠಡಿಗೆ ಹೋಗಿ ಕೆಲಸದ ಪ್ರಗತಿಯನ್ನು ವಿಚಾರಿಸುತ್ತಿದ್ದರು. 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಸಭೆಯಲ್ಲಿ ಚಂದ್ರಶೇಖರರು ತಮ್ಮ ಫಲಿತಾಂಶವನ್ನು ಮಂಡಿಸಿದರು. ಅವರ ಹಿಂದೆಯೇ ಎಡಿಂಗ್ಟನ್ನರು ಎದ್ದುನಿಂತು, ಆ ಗಣಿತದ ಆಧಾರವೇ ಸರಿಯಲ್ಲವೆಂದು ಖಂಡಿಸಿದರು. ಆ ಲೆಕ್ಕವನ್ನು ಒಪ್ಪಿದರೆ ಭಾರವಾದ ನಕ್ಷತ್ರ ಕುಗ್ಗುತ್ತ ಕುಗ್ಗುತ್ತ, ಕೊನೆಗೆ ಬೆಳಕನ್ನೂ ಹೊರಬಿಡದಷ್ಟು ಗುರುತ್ವವನ್ನು ಪಡೆಯಬೇಕಾಗುತ್ತದೆ. ಇದು ಅಸಂಬದ್ಧ; ನಕ್ಷತ್ರ ಹೀಗೆ ವರ್ತಿಸದಂತೆ ತಡೆಯುವ ನಿಯಮವೊಂದು ಪ್ರಕೃತಿಯಲ್ಲಿ ಇರಲೇಬೇಕೆಂದು ಅವರು ವಾದಿಸಿದರು. ಸಭೆ ನಕ್ಕಿತು. ಇಪ್ಪತ್ತನಾಲ್ಕು ವರ್ಷದ ತರುಣನ ಪರವಾಗಿ ಅಲ್ಲಿ ಯಾರೂ ನಿಲ್ಲಲಿಲ್ಲ. ಚಂದ್ರಶೇಖರರ ಲೆಕ್ಕ ಸರಿಯೆಂದು ಕೆಲವು ಶ್ರೇಷ್ಠ ಭೌತವಿಜ್ಞಾನಿಗಳು ಖಾಸಗಿಯಾಗಿ ಒಪ್ಪಿದರೂ ಎಡಿಂಗ್ಟನ್ನರಂತಹವರ ವಿರುದ್ಧ ಬಹಿರಂಗವಾಗಿ ಹೇಳಲು ಮುಂದೆ ಬರಲಿಲ್ಲ.

ಗಮನಿಸಬೇಕಾದ ಅಂಶವೊಂದಿದೆ. ಎಡಿಂಗ್ಟನ್ನರಿಗೆ ಆ ಲೆಕ್ಕದ ಪರಿಣಾಮ ಅರ್ಥವಾಗಿರಲಿಲ್ಲವೆಂದಲ್ಲ. ಅದು ಕೃಷ್ಣವಿವರದಲ್ಲಿ ಹೋಗಿ ನಿಲ್ಲುತ್ತದೆಂಬುದನ್ನು ಆ ಹೆಸರು ಹುಟ್ಟುವುದಕ್ಕೆ ಮುಂಚೆಯೇ ಅವರು ಸ್ಪಷ್ಟವಾಗಿ ಕಂಡಿದ್ದರು. ಕಂಡುದನ್ನು ನಂಬಲು ಮಾತ್ರ ಅವರ ಮನಸ್ಸು ಒಪ್ಪಲಿಲ್ಲ. ವೈರಿದೇಶದ ವಿಜ್ಞಾನಿಯ ಸಿದ್ಧಾಂತವನ್ನು ಪೂರ್ವಗ್ರಹವಿಲ್ಲದೆ ಪರೀಕ್ಷಿಸಿದ ಆ ಮಹಾಬುದ್ಧಿ ಇಲ್ಲಿ ತನ್ನದೇ ಅಭಿರುಚಿಗೆ ಸೆರೆಯಾಯಿತು. ಚಂದ್ರಶೇಖರರು 1937ರಲ್ಲಿ ಅಮೆರಿಕಕ್ಕೆ ತೆರಳಿದರು. 1939ರಲ್ಲಿ ಆ ವಿಷಯವನ್ನು ಕುರಿತು ಗ್ರಂಥವೊಂದನ್ನು ಬರೆದು ಮುಗಿಸಿ ಬೇರೆ ವಿಷಯಗಳತ್ತ ತಿರುಗಿದರು.

ಎಡಿಂಗ್ಟನ್ನರ ಕೊನೆಯ ವರ್ಷಗಳು ವಿಶ್ವದ ಮೂಲಸಂಖ್ಯೆಗಳನ್ನು ಶುದ್ಧ ಗಣಿತದಿಂದಲೇ ಪಡೆಯುವ ಪ್ರಯತ್ನದಲ್ಲಿ ಕಳೆದವು. ಆ ಪ್ರಯತ್ನವನ್ನು ವಿಜ್ಞಾನಲೋಕ ಒಪ್ಪಲಿಲ್ಲ. ಅದನ್ನು ಪೂರ್ಣಗೊಳಿಸುವ ಮೊದಲೇ, 1944ರ ನವೆಂಬರ್ 22ರಂದು, ಅವರು ಕೇಂಬ್ರಿಜಿನಲ್ಲಿ ನಿಧನರಾದರು.

ಆದರೆ ಅವರು ಕಂಡುಹಿಡಿದ ಮಿತಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 1963ರಲ್ಲಿ ಮಾರ್ಟೆನ್ ಸ್ಮಿತ್ ಎಂಬ ವಿಜ್ಞಾನಿ, ನಕ್ಷತ್ರದಂತೆ ಕಾಣುವ ಒಂದು ಕಾಯ ವಾಸ್ತವವಾಗಿ 200 ಕೋಟಿ ಜ್ಯೋತಿರ್ವರ್ಷಗಳಿಗಿಂತ ದೂರದಲ್ಲಿದೆಯೆಂದು ಕಂಡುಹಿಡಿದರು. ಅಷ್ಟು ದೂರದಿಂದಲೂ ಕಾಣಬೇಕಾದರೆ ಅದು ಅಸಂಖ್ಯಾತ ಸೂರ್ಯರ ಬೆಳಕನ್ನು ಸೂಸುತ್ತಿರಬೇಕು. ಇಂತಹ ಕಾಯಗಳಿಗೆ ಕ್ವೇಸಾರ್‌ಗಳೆಂದು ಹೆಸರಾಯಿತು. 1964ರಲ್ಲಿ ಅಮೆರಿಕದ ಸಾಲ್‌ಪೀಟರ್ ಮತ್ತು ಸೋವಿಯತ್ ಒಕ್ಕೂಟದ ಜೆಲ್‌ಡೋವಿಚ್ ಒಬ್ಬರಿಗೊಬ್ಬರು ತಿಳಿಯದೆ ಒಂದೇ ವಿವರಣೆಯನ್ನು ಕೊಟ್ಟರು. ಬೃಹತ್ತಾದ ಜಡವಸ್ತುವೊಂದು ಸುತ್ತಲಿನ ಅನಿಲವನ್ನು ಸೆಳೆದುಕೊಳ್ಳುತ್ತಿರುವಾಗ ಆ ಅನಿಲ ಅತಿಯಾಗಿ ಕಾದು ಬೆಳಗುತ್ತದೆ. ಕೃಷ್ಣವಿವರ ಕಪ್ಪಾದರೂ ಅದರೊಳಕ್ಕೆ ಬೀಳುತ್ತಿರುವ ಅನಿಲ ಉಜ್ಜ್ವಲವಾಗಿರುತ್ತದೆ.

ಇಲ್ಲಿ ಎಡಿಂಗ್ಟನ್ನರ ಮಿತಿ ಮರಳಿ ಬರುತ್ತದೆ. ಅನಿಲ ಹೆಚ್ಚು ಬಿದ್ದಷ್ಟೂ ಬೆಳಕು ಹೆಚ್ಚು. ಬೆಳಕು ಹೆಚ್ಚಿದಷ್ಟೂ ಮುಂದೆ ಬೀಳಬೇಕಾದ ಅನಿಲವನ್ನು ಅದು ಹೊರಕ್ಕೆ ತಳ್ಳುತ್ತದೆ. ಹೀಗೆ ಕೃಷ್ಣವಿವರದ ಊಟವೇ ಅದರ ಮುಂದಿನ ತುತ್ತಿಗೆ ಅಡ್ಡಿಯಾಗುತ್ತದೆ. ಬೀಳುವ ದ್ರವ್ಯದ ಹತ್ತನೆಯ ಒಂದು ಭಾಗ ಬೆಳಕಾಗಿ ಹೊರಹೊಮ್ಮುತ್ತದೆಂದು ಭಾವಿಸಿದರೆ, ಈ ಮಿತಿಯಲ್ಲಿ ಉಣ್ಣುವ ಕೃಷ್ಣವಿವರ ಇಮ್ಮಡಿಯಾಗಲು ಸುಮಾರು 3.5 ಕೋಟಿ ವರ್ಷ ಹಿಡಿಯುತ್ತದೆ. ಅದಕ್ಕಿಂತ ಬೇಗ ಬೆಳೆಯುವುದು ಸುಲಭವಲ್ಲ.

ಆದರೂ ಇಮ್ಮಡಿಸುವುದರ ಶಕ್ತಿ ಅಲ್ಪವಲ್ಲ. ಚದುರಂಗದ ಮಣೆಯ ಮನೆಗಳಲ್ಲಿ ಕಾಳನ್ನು ಇಮ್ಮಡಿಸುತ್ತ ಹೋದ ಕಥೆಯನ್ನು ನೀವು ಕೇಳಿರುವಿರಿ. ಇಪ್ಪತ್ತು ಬಾರಿ ಇಮ್ಮಡಿಸಿದರೆ ಒಂದು ವಸ್ತು ಹತ್ತು ಲಕ್ಷ ಪಟ್ಟನ್ನು ಮೀರುತ್ತದೆ. ನಮ್ಮ ಆಕಾಶಗಂಗೆಯ ಮಧ್ಯದಲ್ಲಿರುವ ಕೃಷ್ಣವಿವರ ಸುಮಾರು 40 ಲಕ್ಷ ಸೂರ್ಯರಷ್ಟು ಭಾರವಾದುದು. ಎಂ 87 ಎಂಬ ಗ್ಯಾಲಕ್ಸಿಯ ಮಧ್ಯದಲ್ಲಿರುವುದು ಸುಮಾರು 650 ಕೋಟಿ ಸೂರ್ಯರಷ್ಟು. ಅದರ ನೆರಳಿನ ಚಿತ್ರ 2019ರ ಏಪ್ರಿಲ್ 10ರಂದು ಪ್ರಕಟವಾಯಿತು. ವಿಶ್ವಕ್ಕೆ ಸಾವಿರ ಕೋಟಿ ವರ್ಷಗಳಿಗಿಂತ ಹೆಚ್ಚು ವಯಸ್ಸಾಗಿರುವುದರಿಂದ ಇಷ್ಟು ಬೆಳೆಯಲು ಕಾಲಾವಕಾಶ ಸಾಕಷ್ಟಿದೆ. ಆದರೆ 2017ರಲ್ಲಿ ಪತ್ತೆಯಾದ ಒಂದು ಕ್ವೇಸಾರ್ ವಿಜ್ಞಾನಿಗಳನ್ನು ಚಿಂತೆಗೀಡುಮಾಡಿತು. ವಿಶ್ವಕ್ಕೆ ಸುಮಾರು 69 ಕೋಟಿ ವರ್ಷ ವಯಸ್ಸಾಗಿದ್ದಾಗಲೇ ಅದರ ಕೃಷ್ಣವಿವರ ಸುಮಾರು 80 ಕೋಟಿ ಸೂರ್ಯರಷ್ಟು ಬೆಳೆದಿತ್ತು. ನೂರು ಸೂರ್ಯರಷ್ಟು ಭಾರದಿಂದ ಹೊರಟು, ವಿಶ್ವದ ಮೊದಲ ಗಳಿಗೆಯಿಂದಲೇ ಎಡೆಬಿಡದೆ ಉಂಡಿದ್ದರೂ, ಇಪ್ಪತ್ತು ಬಾರಿ ಇಮ್ಮಡಿಸಿ ಹತ್ತು ಕೋಟಿಯ ಸುಮಾರಿಗೆ ನಿಲ್ಲಬೇಕಾಗಿತ್ತು. ಹಾಗಾದರೆ ಅದು ಹುಟ್ಟುವಾಗಲೇ ದೊಡ್ಡದಾಗಿತ್ತೆ? ಅಥವಾ ಮಿತಿಯನ್ನು ಮೀರಿ ಉಂಡಿತೆ? ಎಡಿಂಗ್ಟನ್ನರ ಲೆಕ್ಕ ಬೆಳಕು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆಂಬ ಭಾವನೆಯನ್ನು ಅವಲಂಬಿಸಿದೆ. ಅನಿಲ ತಟ್ಟೆಯಾಕಾರದಲ್ಲಿ ಸುತ್ತುತ್ತ ಬೀಳುವಾಗ ಬೆಳಕು ಮೇಲೆ ಕೆಳಗೆ ತಪ್ಪಿಸಿಕೊಂಡು, ಪಕ್ಕದಿಂದ ಮಿತಿಮೀರಿ ಅನಿಲ ಒಳಸೇರುವುದು ಸಾಧ್ಯ. ಈ ಎರಡರಲ್ಲಿ ಯಾವುದು ನಿಜವೆಂಬ ಪ್ರಶ್ನೆಯ ಮೇಲೆ ಸಂಶೋಧನೆ ನಡೆಯುತ್ತಲೇ ಇದೆ.

ವೇಗಕ್ಕೆ ಮಿತಿಯಿದ್ದರೆ ಗಾತ್ರಕ್ಕೂ ಮಿತಿಯುಂಟೆ? ಐನ್‌ಸ್ಟೈನರ ಸಿದ್ಧಾಂತದಲ್ಲಿ ಕೃಷ್ಣವಿವರದ ದ್ರವ್ಯರಾಶಿಗೆ ಯಾವ ಗರಿಷ್ಠ ಎಲ್ಲೆಯೂ ಇಲ್ಲ. ಆದರೆ ಊಟ ಒದಗುವ ಬಗೆಯಲ್ಲಿ ಎಲ್ಲೆಯುಂಟು. ಅತಿ ದೊಡ್ಡ ಕೃಷ್ಣವಿವರದ ಸುತ್ತಣ ಅನಿಲದ ತಟ್ಟೆ ತನ್ನ ಗುರುತ್ವದಿಂದಲೇ ತುಂಡುತುಂಡಾಗಿ ನಕ್ಷತ್ರಗಳಾಗಿಬಿಡುತ್ತದೆ. ಒಳಕ್ಕೆ ಬೀಳಲು ಅನಿಲ ಉಳಿಯುವುದಿಲ್ಲ. ಹೊರಸೂಸುವ ಬೆಳಕೂ ಗಾಳಿಯೂ ಸುತ್ತಲಿನ ಅನಿಲವನ್ನು ಗುಡಿಸಿಹಾಕುತ್ತವೆ. ಭಾರತೀಯ ಮೂಲದ ಪ್ರಿಯಂವದಾ ನಟರಾಜನ್ ಮತ್ತು ಅವರ ಸಹೋದ್ಯೋಗಿ 2009ರಲ್ಲಿ ಈ ಎಲ್ಲೆಯನ್ನು ಸುಮಾರು ಸಾವಿರ ಕೋಟಿ ಸೂರ್ಯರ ಮಟ್ಟದಲ್ಲಿ ಅಂದಾಜು ಮಾಡಿದರು. ಇಂಗ್ಲೆಂಡಿನ ಆಂಡ್ರೂ ಕಿಂಗ್ 2016ರಲ್ಲಿ ಸುಮಾರು 5 ಸಾವಿರ ಕೋಟಿ ಸೂರ್ಯರೆಂದು ಲೆಕ್ಕಹಾಕಿದರು. ಆ ಎಲ್ಲೆಯನ್ನು ಮುಟ್ಟಿದ ಮೇಲೂ ಒಂದು ದಾರಿ ಉಳಿದಿರುತ್ತದೆ. ಎರಡು ಕೃಷ್ಣವಿವರಗಳು ಒಂದಾಗುವಾಗ ತಳ್ಳುವ ಬೆಳಕಿನ ಪ್ರಶ್ನೆಯೇ ಏಳುವುದಿಲ್ಲ. ಅಂತಹ ಒಂದು ಸಮಾಗಮದಿಂದ ಹೊರಟ ಗುರುತ್ವ ಅಲೆಗಳು 2015ರ ಸೆಪ್ಟೆಂಬರ್ 14ರಂದು ಮೊಟ್ಟಮೊದಲ ಬಾರಿಗೆ ನಮ್ಮ ಉಪಕರಣಗಳಿಗೆ ಸಿಕ್ಕಿದವು.

ಚಂದ್ರಶೇಖರರ ಲೆಕ್ಕವನ್ನು ಕಾಲ ಎತ್ತಿಹಿಡಿಯಿತು. 1983ರಲ್ಲಿ ಅವರಿಗೆ ನೊಬೆಲ್ ಪಾರಿತೋಷಿಕ ದೊರೆಯಿತು. ಅದಕ್ಕೆ ಒಂದು ವರ್ಷ ಮುಂಚೆ, ಎಡಿಂಗ್ಟನ್ನರ ಜನ್ಮಶತಾಬ್ದಿಯ ಉಪನ್ಯಾಸಗಳನ್ನು ಕೇಂಬ್ರಿಜಿನಲ್ಲಿ ನೀಡಿದವರು ಅವರೇ. ತಮ್ಮನ್ನು ತುಂಬಿದ ಸಭೆಯಲ್ಲಿ ಖಂಡಿಸಿದ ಹಿರಿಯರನ್ನು, ಆ ಕಾಲದ ಅತ್ಯಂತ ಶ್ರೇಷ್ಠ ಖಭೌತವಿಜ್ಞಾನಿಯೆಂದು ಅವರು ಆ ಉಪನ್ಯಾಸಗಳಲ್ಲಿ ಗೌರವಿಸಿದರು. ಹಾಗೆಂದು ಆ ಹಿರಿಯರ ತಪ್ಪನ್ನು ಮುಚ್ಚಿಡಲೂ ಇಲ್ಲ.

ವಿಜ್ಞಾನದಲ್ಲಿ ದೊಡ್ಡವರ ಅಭಿಪ್ರಾಯ ಅಳಿಯುತ್ತದೆ. ಸರಿಯಾಗಿ ಮಾಡಿದ ಲೆಕ್ಕ ಉಳಿಯುತ್ತದೆ. ಕೃಷ್ಣವಿವರಗಳು ಇರಲಾರವೆಂದ ಎಡಿಂಗ್ಟನ್ನರ ಮಾತನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ದೂರದ ಕೃಷ್ಣವಿವರವೊಂದು ಎಷ್ಟು ವೇಗವಾಗಿ ಬೆಳೆಯುತ್ತಿದೆಯೆಂದು ಹೇಳಬೇಕಾದ ಪ್ರತಿಯೊಬ್ಬ ವಿಜ್ಞಾನಿಯೂ, ಅದು ಎಡಿಂಗ್ಟನ್ ಮಿತಿಯ ಎಷ್ಟನೆಯ ಭಾಗವೆಂದೇ ಇಂದಿಗೂ ಹೇಳುತ್ತಾನೆ.

ಅಭ್ಯಾಸ

1. ಎಡಿಂಗ್ಟನ್ನರಿಗೆ ಸೈನ್ಯದ ಸೇವೆಯಿಂದ ವಿನಾಯಿತಿ ದೊರೆತುದು ಹೇಗೆ?
2. 1919ರ ಸೂರ್ಯಗ್ರಹಣದ ವೀಕ್ಷಣೆಯಿಂದ ಸಿದ್ಧವಾದುದೇನು?
3. ಎಡಿಂಗ್ಟನ್ ಮಿತಿ ಎಂದರೇನು? ರಾಶಿ ತೂರುವ ಉದಾಹರಣೆಯಿಂದ ವಿವರಿಸಿರಿ.
4. ಚಂದ್ರಶೇಖರರ ಲೆಕ್ಕವನ್ನು ಎಡಿಂಗ್ಟನ್ನರು ಏಕೆ ಒಪ್ಪಲಿಲ್ಲ?
5. ಕೃಷ್ಣವಿವರಗಳ ಬೆಳವಣಿಗೆಗೆ ಇರುವ ಅಡ್ಡಿಗಳಾವುವು? ಅವುಗಳನ್ನು ಮೀರುವ ದಾರಿಗಳಾವುವು?
6. ಕೃಷ್ಣವಿವರವೊಂದು 3.5 ಕೋಟಿ ವರ್ಷಗಳಿಗೊಮ್ಮೆ ಇಮ್ಮಡಿಯಾದರೆ 35 ಕೋಟಿ ವರ್ಷಗಳಲ್ಲಿ ಎಷ್ಟು ಪಟ್ಟು ಬೆಳೆಯುತ್ತದೆ? ಲೆಕ್ಕಹಾಕಿರಿ.